ನಾನು ಬೇಡವೆಂದ ದೋಣಿ



2023ರ ಜನವರಿಯಲ್ಲಿ ಯುವ ವಿಭಾಗದಿಂದ ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಅರ್ಜಿ ಬಂದಿತ್ತು. ನಿಮಗೆ ನೆನಪಿರಬಹುದು. ಶರಾವತಿಯ ಹಿನ್ನೀರಿನಲ್ಲಿ ಮೂರು ದಿನ ಕೆನೂ ದೋಣಿ ನಡೆಸುವುದು, ರಾತ್ರಿ ದಡದಲ್ಲಿ ಡೇರೆ ಹಾಕಿ ಮಲಗುವುದು, ಒಟ್ಟು 18 ಮಂದಿ, ಖರ್ಚಿನಲ್ಲಿ ಅರ್ಧ ಸಂಘದ್ದು. ಅರ್ಜಿಯನ್ನು ಕನ್ನಡದಲ್ಲೇ ಬರೆದಿದ್ದಿರಿ. ಕಾಗುಣಿತದ ತಪ್ಪು ಎಣಿಸುವ ಕೆಟ್ಟ ಚಟ ನನಗುಂಟು. ಏಳು ಇದ್ದವು, ಹೆಚ್ಚೇನಲ್ಲ.

ಆ ಅರ್ಜಿ ಬಿದ್ದುಹೋಯಿತು. "ಸಮಿತಿ ಒಪ್ಪಲಿಲ್ಲ" ಎಂದು ಕಾರ್ಯದರ್ಶಿಗಳು ನಿಮಗೆ ಸಭ್ಯವಾಗಿ ತಿಳಿಸಿದರು. ನಿಜ ಸಂಗತಿ ಬೇರೆ. ಸಮಿತಿಯಲ್ಲಿ ಹೆಚ್ಚಿನವರ ಅಡ್ಡಿಯೇನೂ ಇರಲಿಲ್ಲ. ಅಡ್ಡ ನಿಂತವನು ನಾನೊಬ್ಬ. "ಊರವರ ಮಕ್ಕಳನ್ನು ನೀರಿಗಿಳಿಸಿ ಹೊಣೆ ಹೊರುವವರು ಯಾರು? ಪಿಕ್‌ನಿಕ್ ಬೇಕಾದರೆ ಲೋನಾವಳಕ್ಕೆ ಹೋಗಲಿ" ಎಂದು ಮೇಜು ಕುಟ್ಟಿ ಮಾತಾಡಿದೆ. ನಾನು ಹೊಳೆ ದಡದಲ್ಲಿ ಹುಟ್ಟಿದವನು, ನೀರಿನ ವಿಷಯ ನನಗೆ ಗೊತ್ತಿದೆಯೆಂದು ಎಲ್ಲರೂ ಸುಮ್ಮನಾದರು. ಕಾರಣ ಏನೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಸಂಪಾದಕರು ಯುವ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಎರಡು ಬಾರಿ ಫೋನ್ ಮಾಡಿದ್ದರಿಂದ ಅದನ್ನೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ಈ ಪುಟಗಳನ್ನು ಅಮ್ಮನ ಕೈಯಲ್ಲಿ ಓದಿಸಿ ಕೇಳುತ್ತೀರೆಂದು ಗೊತ್ತು. ಅಡ್ಡಿಯಿಲ್ಲ, ಅಮ್ಮಂದಿರೂ ಕೇಳಬೇಕಾದದ್ದೇ.

ನಮ್ಮ ಮನೆ ಕುಂದಾಪುರ ತಾಲೂಕಿನಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಗಂಗೊಳ್ಳಿಯ ಬಳಿ ಒಂದಾಗಿ ಸಮುದ್ರ ಸೇರುತ್ತವೆ. ಪಂಚಗಂಗಾವಳಿ ಎನ್ನುತ್ತಾರೆ. ಆ ಐದರಲ್ಲಿ ಒಂದರ ದಡ ನಮ್ಮದು. ಹೊಳೆಯ ನಡುವಿನ ಕುದ್ರುವಿನಲ್ಲಿ ನಮಗೆ ಒಂದಿಷ್ಟು ಗದ್ದೆ ಇತ್ತು. ಅಲ್ಲಿಗೆ ಹೋಗಲು ಒಂದು ಪಾತಿ ದೋಣಿ. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ಉದ್ದನೆಯ ಕಿರಿದಾದ ದೋಣಿ ಅದು. ಅದನ್ನು ನಡೆಸುತ್ತಿದ್ದವನು ನನ್ನ ಅಣ್ಣ. 1968ರ ಆಷಾಢದಲ್ಲಿ ಅವನಿಗೆ 19, ನನಗೆ 12.

ನಟ್ಟಿಯ ದಿನ. ಈಚೆ ದಡದಲ್ಲಿ ಕಿತ್ತಿಟ್ಟ ಅಗೆಯ ಕಟ್ಟುಗಳನ್ನು, ಅಂದರೆ ಭತ್ತದ ಸಸಿಗಳನ್ನು, ಕುದ್ರುವಿಗೆ ದಾಟಿಸಬೇಕಿತ್ತು. ಒದ್ದೆ ಅಗೆ ಎಷ್ಟು ಭಾರ ಎಂಬುದು ಹೊತ್ತವರಿಗೆ ಗೊತ್ತು. ಅಣ್ಣ ಅರ್ಧ ತುಂಬಿಸಿ "ಸಾಕು, ಉಳಿದದ್ದಕ್ಕೆ ಇನ್ನೊಂದು ಸಲ ಬರುತ್ತೇನೆ" ಎಂದ. ನನಗೆ ಹಸಿವಾಗಿತ್ತು. ಇನ್ನೊಂದು ಸಲವೆಂದರೆ ಇನ್ನೊಂದು ಗಂಟೆ ಮಳೆಯಲ್ಲಿ ನಿಲ್ಲಬೇಕು. "ಎಲ್ಲ ಒಟ್ಟಿಗೇ ಹಾಕು ಅಣ್ಣ" ಎಂದು ನಾನೇ ಕಟ್ಟುಗಳನ್ನು ಎತ್ತಿ ಎತ್ತಿ ಕೊಟ್ಟೆ. ದೋಣಿಯ ಅಂಚು ನೀರಿನಿಂದ ಮೂರು ಬೆರಳು ಮೇಲಿತ್ತು. ಹೊಳೆಯ ನಡುವೆ ಗಾಳಿ ಎದ್ದಿತು, ಇಳಿತದ ಸೆಳೆತವೂ ಇತ್ತು. ದೋಣಿಯೇನೂ ಮಗುಚಲಿಲ್ಲ, ಮೆಲ್ಲನೆ ನೀರು ತುಂಬಿಕೊಂಡು ಕೂತುಬಿಟ್ಟಿತು. ಅಣ್ಣ ಊರಿಗೇ ಒಳ್ಳೆಯ ಈಜುಗಾರ. ಎರಡು ದಿನ ಕಳೆದು ಅಳಿವೆಯ ಹತ್ತಿರ ಸಿಕ್ಕಿದ.

"ಹೊಳಿ ಬದಿಗೆ ಹೋಪುದ್ ಬ್ಯಾಡ" ಎಂದು ಅಮ್ಮ ನನಗೆ ಹೇಳಿದ್ದು ಆ ದಿನದಿಂದ. ನಾನೂ ಹೋಗಲಿಲ್ಲ. 1973ರಲ್ಲಿ ಮುಂಬಯಿಗೆ ಬಂದೆ. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ, ಆಮೇಲೆ ಬ್ಯಾಂಕು. ಈ ದಾರಿ ನಿಮ್ಮ ಅಜ್ಜಂದಿರದೂ ಹೌದು, ಬಿಡಿಸಿ ಹೇಳಬೇಕಾಗಿಲ್ಲ. ಮಗಳನ್ನು ಜುಹು ಕಡಲಿನಲ್ಲಿ ಕಾಲಿನ ಗಂಟು ಮುಳುಗುವವರೆಗೂ ಬಿಟ್ಟವನಲ್ಲ. ಶಾಲೆಯಲ್ಲಿ ಈಜು ಕಲಿಸುತ್ತಾರೆಂದು ಫೀಸು ಕೇಳಿದಾಗ "ಅವಳಿಗೆ ಕಿವಿ ಸೋರುತ್ತದೆ" ಎಂದು ಟೀಚರಿಗೆ ಸುಳ್ಳು ಚೀಟಿ ಬರೆದುಕೊಟ್ಟೆ. ಅಗೆಯ ಕಟ್ಟುಗಳ ವಿಷಯವನ್ನು ಮಗಳಿಗಿರಲಿ, ಹೆಂಡತಿಗೂ ಹೇಳಿರಲಿಲ್ಲ.

ಮದುವೆಯಾದ ಮಗಳು 2009ರಲ್ಲಿ ಟೊರಾಂಟೋ ಸೇರಿದಳು. ನಿಮ್ಮ ಅರ್ಜಿ ತಿರಸ್ಕರಿಸಿದ ಏಳನೆಯ ತಿಂಗಳಿಗೆ, ಆಗಸ್ಟಿನಲ್ಲಿ, ನಾವು ದಂಪತಿ ಅಲ್ಲಿದ್ದೆವು. ಹೋದ ವಾರದಲ್ಲೇ ಗೊತ್ತಾಯಿತು, ಮನೆಯವರೆಲ್ಲ ಕೆನೂ ಯಾತ್ರೆಗೆ ಹೊರಟಿದ್ದಾರೆಂದು. ಪರವಾನಗಿಯನ್ನು ತಿಂಗಳುಗಳ ಹಿಂದೆಯೇ ಮಾಡಿಸಿ ನನ್ನ ಹೆಸರನ್ನೂ ಹಾಕಿಸಿದ್ದಳು. ಮಗಳು ಮೂವತ್ತು ದಾಟಿದ ಮೇಲೆ ಈಜು ಕಲಿತಳೆಂದು ತಿಳಿದದ್ದೂ ಆಗಲೇ. "ನಿಮಗೆ ಹೇಳಿದರೆ ಬೇಡ ಅಂತೀರಿ ಅಂತ ಹೇಳಲಿಲ್ಲ ಅಪ್ಪ" ಎಂದಳು. ನನ್ನ ಶ್ರೀಮತಿ "ನಾನು ಬರುವುದಿಲ್ಲ, ನಿಮ್ಮ ಹಣೆಬರಹ" ಎಂದು ಟೀವಿ ಮುಂದೆ ಕುಳಿತಳು. ಮೊಮ್ಮಗಳಿಗೆ 15 ವರ್ಷ. ಅವಳು "ಅಜ್ಜ, ನೀವು ನನ್ನ ದೋಣಿ" ಎಂದಳು. ಆ ವಯಸ್ಸಿನ ಹುಡುಗಿಯ ಎದುರು ಹೆದರಿಕೆಯೆಂದು ಹೇಳಿಕೊಳ್ಳಲು ಮಾನ ಅಡ್ಡ ಬಂತು.

ಹೋದದ್ದು ಅಲ್ಗಾಂಕ್ವಿನ್ ಎಂಬ ಕಾಡಿಗೆ. ಟೊರಾಂಟೋದಿಂದ ಉತ್ತರಕ್ಕೆ ಮೂರು ಗಂಟೆಯ ದಾರಿ. 1893ರಲ್ಲೇ ಸರಕಾರ ಕಾಯ್ದಿರಿಸಿದ ಪ್ರದೇಶ, ಸುಮಾರು 7,600 ಚದರ ಕಿಲೋಮೀಟರು, ನಮ್ಮ ಉಡುಪಿ ಜಿಲ್ಲೆಯ ಎರಡರಷ್ಟು ಅನ್ನಿ. ಅದರೊಳಗೆ 2,000ಕ್ಕೂ ಮಿಕ್ಕಿ ಸರೋವರಗಳು. ಒಳಗಿನ ಕಾಡಿಗೆ ಕಾರಿನ ರಸ್ತೆಯಿಲ್ಲ, ಅಂಗಡಿಯಿಲ್ಲ. ಒಂದು ಸರೋವರದಲ್ಲಿ ಹುಟ್ಟು ಹಾಕುತ್ತ ಹೋಗಿ, ಅದು ಮುಗಿದಲ್ಲಿ ದೋಣಿಯನ್ನೇ ಹೆಗಲಿಗೇರಿಸಿ ಕಾಡುದಾರಿಯಲ್ಲಿ ನಡೆದು, ಮುಂದಿನ ಸರೋವರಕ್ಕೆ ಇಳಿಸಬೇಕು. ಹೀಗೆ ಹೊತ್ತು ಸಾಗುವ ದಾರಿಗೆ ಪೋರ್ಟೇಜ್ ಎನ್ನುತ್ತಾರೆ, ಹಳೆಯ ಫ್ರೆಂಚ್ ವ್ಯಾಪಾರಿಗಳು ಬಿಟ್ಟುಹೋದ ಮಾತು. ತುಪ್ಪುಳು ಚರ್ಮದ ವ್ಯಾಪಾರದ ಆ ಕಾಲದಲ್ಲಿ ಕೂಲಿಯವರು ತಲಾ 40 ಕೆ.ಜಿ. ತೂಗುವ ಎರಡೆರಡು ಮೂಟೆಗಳನ್ನು ಒಮ್ಮೆಗೇ ಬೆನ್ನಿಗೇರಿಸುತ್ತಿದ್ದರಂತೆ. ಕೇಳಿ ನನಗೆ ಮಸ್ಜಿದ್ ಬಂದರಿನ ಹಮಾಲರು ನೆನಪಾದರು.

ದೋಣಿಯನ್ನೇ ಹೊರುವುದೆಂದರೆ ನನಗೆ ನಂಬಿಕೆ ಬರಲಿಲ್ಲ. ನಮ್ಮ ಪಾತಿ ದೋಣಿಯನ್ನು ದಡಕ್ಕೆಳೆಯಲು ನಾಲ್ಕು ಗಂಡಸರು ಬೇಕಾಗುತ್ತಿತ್ತು. ಬಾಡಿಗೆ ಅಂಗಡಿಯಲ್ಲಿ ಮೊಮ್ಮಗಳು 16 ಅಡಿ ಉದ್ದದ ಒಂದು ಹಳದಿ ಕೆನೂವನ್ನು ತೋರಿಸಿ "ಎತ್ತಿ ನೋಡಿ" ಎಂದಳು. ಎತ್ತಿದೆ. 20 ಕೆ.ಜಿ. ಇದ್ದೀತು. ಕೆವ್ಲಾರ್ ಎಂಬ ನೂಲಿನಿಂದ ಮಾಡಿದ್ದು. ಗುಂಡು ತಡೆಯುವ ಅಂಗಿಗೂ ಅದೇ ನೂಲು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿಮ್ಮ ಅರ್ಜಿಯಲ್ಲಿ "ದೋಣಿ: ಯಾವುದಾದರೂ" ಎಂದು ಬರೆದಿತ್ತು. ಯಾವುದಾದರೂ ಅಲ್ಲ. ಹೊತ್ತು ನಡೆಯುವ ದಾರಿಗೆ ಕೆವ್ಲಾರ್ ಒಳ್ಳೆಯದು, ಆದರೆ ಬೆಲೆ ವಿಪರೀತ. ಕಲ್ಲಿಗೆ ಉಜ್ಜಿದರೆ ಗೀರು ಬೀಳುತ್ತದೆ, ಅದನ್ನು ದಡಕ್ಕೆ ಎಳೆಯಬಾರದು, ಮೊಣಕಾಲುದ್ದ ನೀರಿನಲ್ಲೇ ಇಳಿದು ಎತ್ತಬೇಕು. ಕಲ್ಲು ತುಂಬಿದ ಹೊಳೆಗೆ ಪ್ಲಾಸ್ಟಿಕ್ಕಿನದು ವಾಸಿ, ಬಡಿದರೂ ಬಗ್ಗಿ ನೆಟ್ಟಗಾಗುತ್ತದೆ. ಭಾರ ಮಾತ್ರ ಒಂದೂವರೆ ಪಟ್ಟಿಗೆ ಕಡಿಮೆಯಿಲ್ಲ. ಬಹಳ ಮಂದಿ ಮೆಚ್ಚುತ್ತಿದ್ದ ರಾಯಲೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯ ತಯಾರಿಕೆ 2014ರ ಹೊತ್ತಿಗೆ ನಿಂತುಹೋಯಿತು, ಅದರ ಹಳೆಯ ದೋಣಿಗಳನ್ನು ಇಟ್ಟುಕೊಂಡವರು ಮಾರುವುದಿಲ್ಲವಂತೆ. ಅಲ್ಯುಮಿನಿಯಂ ದೋಣಿಗಳು ಎರಡನೆಯ ಮಹಾಯುದ್ಧ ಮುಗಿದಾಗ ವಿಮಾನದ ಕಾರ್ಖಾನೆಯವರು ಮಾಡತೊಡಗಿದ್ದು. ಸಾಯುವುದಿಲ್ಲ, ಆದರೆ ಹುಟ್ಟು ತಾಗಿದಾಗಲೆಲ್ಲ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಶಬ್ದ. ನಿಮ್ಮ ಹಿನ್ನೀರಿನಲ್ಲಿ ಹೊರುವ ಪ್ರಸಂಗ ಕಡಿಮೆ. ನನ್ನನ್ನು ಕೇಳಿದರೆ ಅಗಲವಾದ, ಭಾರವಾದ, ಅಲುಗಾಡದ ಪ್ಲಾಸ್ಟಿಕ್ ದೋಣಿಯೇ ಸಾಕು. ವೇಗದ ಆಸೆ ಬಿಡಿ.

ಇವೆಲ್ಲಕ್ಕೂ ಮೂಲ ಅಲ್ಲಿನ ಆದಿವಾಸಿಗಳ ದೋಣಿ. ಬರ್ಚ್ ಮರದ ತೊಗಟೆಯನ್ನು ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಹೊಲಿಗೆಯ ಮೇಲೆ ಮರದ ಅಂಟು ಮೆತ್ತಿ, ಒಳಗೆ ಸೀಡರ್ ಮರದ ಪಕ್ಕೆಲುಬು ಕೂಡಿಸುತ್ತಿದ್ದರು. ಮೊಳೆಯೇ ಇಲ್ಲ. ಮೊಮ್ಮಗಳು ಇದನ್ನು ಮಹಾ ಸೋಜಿಗವೆಂಬಂತೆ ಹೇಳಿದಾಗ ನಾನು, "ನಮ್ಮ ಪಡುವಣ ಕರಾವಳಿಯಲ್ಲೂ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದೇ ದೋಣಿ ಕಟ್ಟುತ್ತಿದ್ದರು ಮಗಾ" ಎಂದೆ. ಅವಳಿಗೆ ಅದು ಗೊತ್ತಿರಲಿಲ್ಲ. ಆ ಮೂರು ದಿನಗಳಲ್ಲಿ ನಾನು ಅವಳಿಗೆ ಕಲಿಸಿದ್ದು ಅದೊಂದೇ.

ಕಲಿತದ್ದು ಬಹಳ. ಮೊದಲು ಹುಟ್ಟು. ಅಂಗಡಿಯವನು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಹುಟ್ಟನ್ನು ತಲೆಕೆಳಗಾಗಿ ಹಿಡಿದು, ಹಿಡಿಯನ್ನು ಬೆಂಚಿಗೆ ಊರಿ ಅಳೆದ. ಹಿಡಿಕೋಲು ಮುಗಿದು ಅಲಗು ಶುರುವಾಗುವ ಜಾಗ ನಿಮ್ಮ ಗಲ್ಲ ಮತ್ತು ಮೂಗಿನ ನಡುವೆ ಬರಬೇಕು. ಎತ್ತರದವನಿಗೆ ಉದ್ದ ಹುಟ್ಟು ಎಂಬ ಲೆಕ್ಕ ಪೂರ್ತಿ ಸರಿಯಲ್ಲ, ಸೊಂಟದಿಂದ ಮೇಲಿನ ಉದ್ದ ಮುಖ್ಯ. ಆ್ಯಶ್ ಮರದ್ದು ಗಟ್ಟಿ, ಚೆರ್ರಿ ಮರದ್ದು ಹಗುರ. ನನಗೆ ಚೆರ್ರಿ ಸಿಕ್ಕಿತು. 55 ವರ್ಷಗಳ ಮೇಲೆ ಹುಟ್ಟು ಹಿಡಿದ ಅಂಗೈಗೆ ಅದರ ನುಣುಪು ತಾಗಿದಾಗ ಏನೆನಿಸಿತೆಂದು ಬರೆಯುವುದು ಕಷ್ಟ, ಬಿಡುತ್ತೇನೆ.

ಹಿಂದೆ ಕೂತವರದೇ ದಿಕ್ಕು. ಒಂದೇ ಬದಿಗೆ ಹುಟ್ಟು ಹಾಕಿದರೆ ದೋಣಿ ಇನ್ನೊಂದು ಬದಿಗೆ ತಿರುಗುತ್ತದಷ್ಟೆ. ಅದನ್ನು ಸರಿಮಾಡಲು ಪ್ರತಿ ಎಳೆತದ ಕೊನೆಗೆ ಮೇಲಿನ ಕೈಯ ಹೆಬ್ಬೆರಳನ್ನು ಕೆಳಮುಖವಾಗಿ ತಿರುಚಿ, ಅಲಗಿನಿಂದ ನೀರನ್ನು ಹೊರಗೆ ಕೊಂಚ ತಳ್ಳಬೇಕು. ನೀರಿನೊಳಗೆ ಹುಟ್ಟು ಬರೆಯುವ ಗೆರೆ ಇಂಗ್ಲಿಷಿನ ಜೆ ಅಕ್ಷರದ ಹಾಗಿರುವುದರಿಂದ ಜೆ-ಸ್ಟ್ರೋಕ್ ಎನ್ನುತ್ತಾರೆ. ಕೇಳಲು ಸುಲಭ. ಹಿಂದೆ ಕೂತು ನೋಡಿದೆ, ದೋಣಿ ಎರಡು ಸುತ್ತು ಗಿರಕಿ ಹೊಡೆಯಿತು. "ಅಜ್ಜ, ಮುಂದೆ ಬನ್ನಿ. ನೀವು ಎಂಜಿನ್, ನಾನು ಚುಕ್ಕಾಣಿ" ಎಂದಳು. ಮುಂದೆ ಕೂತವನ ಕೆಲಸ ಸಮನಾಗಿ ಎಳೆಯುವುದು, ನೀರೊಳಗಿನ ಕಲ್ಲು ನೋಡಿ ಹೇಳುವುದು. ಹೊಳೆ ದಡದಲ್ಲಿ ಹುಟ್ಟಿದವನಿಗೆ ಅಷ್ಟೇ ಉಳಿಯಿತು.

ಹೊರಡುವ ಹಿಂದಿನ ರಾತ್ರಿ ನನ್ನ ಚೀಲವನ್ನು ಮೊಮ್ಮಗಳು ನೆಲಕ್ಕೆ ಸುರುವಿ ತಪಾಸಣೆ ಮಾಡಿದ್ದಳು. ಜೀನ್ಸ್ ಬೇಡ, ಒದ್ದೆಯಾದರೆ ಒಣಗದು. ಹತ್ತಿಯ ಲುಂಗಿ ಬೇಡ. ನಾನು ವಾದಿಸಿ ಲುಂಗಿ ಉಳಿಸಿಕೊಂಡೆ. ಬಟ್ಟೆ ಎರಡೇ ಜೊತೆ: ಹಗಲು ದೋಣಿಯಲ್ಲಿ ಒಂದು, ರಾತ್ರಿ ಡೇರೆಯಲ್ಲಿ ಒಂದು. ಎಷ್ಟೇ ಒದ್ದೆಯಿದ್ದರೂ ಬೆಳಿಗ್ಗೆ ಮತ್ತೆ ಆ ಮೊದಲಿನದ್ದನ್ನೇ ಹಾಕಬೇಕು, ಒಣ ಜೊತೆಯನ್ನು ಮುಟ್ಟಕೂಡದು. ಆ ಕಾಡಿನೊಳಗೆ ಡಬ್ಬಿ, ಗಾಜಿನ ಬಾಟಲಿ ಒಯ್ಯುವುದಕ್ಕೆ ನಿಷೇಧವಿದೆ. ಹಾಗಾಗಿ ಮಗಳು ಊರಿನ ಮಿಡಿ ಉಪ್ಪಿನಕಾಯಿಯನ್ನು ಗಾಜಿನ ಭರಣಿಯಿಂದ ಪ್ಲಾಸ್ಟಿಕ್ ಡಬ್ಬಕ್ಕೆ ವರ್ಗಾಯಿಸಿದಳು. ಹುರಿದ ರವೆ, ಅವಲಕ್ಕಿ, ಹುರಿಗಡಲೆ, ಬೆಲ್ಲ, ಎಲ್ಲವೂ ಬಿಗಿ ಮುಚ್ಚಳದ ನೀಲಿ ಪೀಪಾಯಿಯೊಳಗೆ. ರಾತ್ರಿ ಅದನ್ನು ಡೇರೆಯಿಂದ ದೂರ ಒಯ್ದು, ಮರದ ಕೊಂಬೆಗೆ ಹಗ್ಗ ಹಾಕಿ ಎತ್ತರಕ್ಕೆ ತೂಗುಬಿಡಬೇಕು, ಕರಡಿ ಬರುತ್ತದೆಂದು. ಕರಡಿಗೆ ಅಪ್ಪೆಮಿಡಿ ಇಷ್ಟವಾದೀತೇ ಎಂದು ಕೇಳಿದೆ. ಯಾರೂ ನಗಲಿಲ್ಲ.

ಮೊದಲ ದಿನ ಕೆನೂ ಲೇಕ್ ಎಂಬ ದೊಡ್ಡ ಸರೋವರ ದಾಟಿ, ಅದರ ಬಡಗಣ ತುದಿಯ ಸಣ್ಣ ಕಟ್ಟೆಯ ಪಕ್ಕದಲ್ಲಿ ಸುಮಾರು 300 ಮೀಟರು ದೋಣಿ ಹೊತ್ತು, ಜೋ ಲೇಕ್‌ಗೆ ಇಳಿದೆವು. ಹೊತ್ತದ್ದು ಅಳಿಯ ಮತ್ತು ಮೊಮ್ಮಗಳು. ದೋಣಿಯನ್ನು ಮೊದಲು ತೊಡೆಗೆ, ತೊಡೆಯಿಂದ ತಲೆಯ ಮೇಲಕ್ಕೆ ಎತ್ತಿ, ನಡುವಿನ ಅಡ್ಡಪಟ್ಟಿಯನ್ನು ಹೆಗಲಿಗೆ ಕೂರಿಸಿಕೊಳ್ಳುವುದು ಬಲಕ್ಕಿಂತ ಉಪಾಯದ ಕೆಲಸ. ಹಿಂದಿನಿಂದ ನೋಡಿದರೆ ಎರಡು ಕಾಲಿನ ಹಳದಿ ಮೀನು ನಡೆದುಹೋದಂತೆ. ನಾನು ಹುಟ್ಟುಗಳನ್ನೂ ಲುಂಗಿಯ ಚೀಲವನ್ನೂ ಹೊತ್ತೆ. ಸಂಜೆಗೆ ಟೀಪೀ ಲೇಕ್‌ನಲ್ಲಿ, ಕಿತ್ತಳೆ ಬಣ್ಣದ ಫಲಕ ನೆಟ್ಟ ತಾಣದಲ್ಲಿ ಡೇರೆ.

ಡೇರೆ ಹಾಕಿದ್ದೇ ತಡ ಮೊಮ್ಮಗಳು "ಅಜ್ಜ, ಈಗ ಮಗುಚೋಣ" ಎಂದಳು.

ನನಗೆ ಅರ್ಥವಾಗಲಿಲ್ಲ. ಬೇಕೆಂದೇ ದೋಣಿ ಮಗುಚುವುದು, ಎದೆಯುದ್ದ ನೀರಿನಲ್ಲಿ, ಹೊತ್ತು ಮುಳುಗುವ ಮುನ್ನ. ಅವಳ ಶಿಬಿರದಲ್ಲಿ ಇದು ಮೊದಲ ಪಾಠವಂತೆ. ಇದಾಗದೆ ಮರುದಿನ ನನ್ನನ್ನು ದೋಣಿಗೆ ಹತ್ತಿಸುವುದಿಲ್ಲವೆಂದಳು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಬಿಗಿದು, ಹೆಗಲ ಮೇಲೆ ಎರಡೂ ಕೈಯಿಂದ ಹಿಡಿದು ಮೇಲಕ್ಕೆ ಎಳೆದು ನೋಡಿದಳು. ಜಾಕೆಟ್ಟು ಕಿವಿಯವರೆಗೆ ಏರಿ ಬಂದರೆ ಅದು ನಿಮ್ಮ ಅಳತೆಯದ್ದಲ್ಲ. ನನ್ನದು ಅಲುಗಲಿಲ್ಲ. ಅಲ್ಲಿನ ಕಾನೂನಿನಂತೆ ದೋಣಿಯಲ್ಲಿ ತಲೆಗೊಂದು ಅಳತೆಯ ಜಾಕೆಟ್ಟು ಇರಲೇಬೇಕು. ಜೊತೆಗೆ ನೀರು ತೋಡುವ ಡಬ್ಬ, ಸಿಳ್ಳೆ, 15 ಮೀಟರಿನ ತೇಲುವ ಹಗ್ಗ. ದೊಡ್ಡವರು ಜಾಕೆಟ್ಟನ್ನು ತೊಟ್ಟೇ ಇರಬೇಕೆಂದಿಲ್ಲ, ಇದ್ದರಾಯಿತು. ಮೊಮ್ಮಗಳ ಕಾನೂನು ಇನ್ನೂ ಬಿಗಿ, ತೊಟ್ಟೇ ಇರಬೇಕು. ಮುಳುಗುವ ಹೊತ್ತಿಗೆ ಸೀಟಿನಡಿಯ ಜಾಕೆಟ್ಟನ್ನು ಹುಡುಕಿ ತೊಡಲು ಯಾರಿಂದಲೂ ಆಗದು ಎಂದಳು.

ಎಣಿಸಿ ಮೂರು ಹೇಳಿ ಅವಳು ಒಂದು ಬದಿಗೆ ವಾಲಿದಳು. ನೀರು ತಲೆಯ ಮೇಲೆ ಬಂತು. ಕಿವಿಯಲ್ಲಿ ಆ ಶಬ್ದ. ಮತ್ತೆ ಏನಾಯಿತೆಂದರೆ, ನಾನು ಏನೂ ಮಾಡಲಿಲ್ಲ, ಯಾರೋ ಕಂಕುಳಿಗೆ ಕೈಕೊಟ್ಟು ಎತ್ತಿದ ಹಾಗೆ ಮೇಲೆ ಬಂದೆ. ಆಕಾಶ ನೋಡುತ್ತ ತೇಲುತ್ತಿದ್ದೆ. ಮೊಮ್ಮಗಳು ನಗುತ್ತ "ಅಜ್ಜ, ದೋಣಿ ಬಿಡಬೇಡಿ, ಹಿಡಿದುಕೊಳ್ಳಿ" ಎಂದು ಕೂಗುತ್ತಿದ್ದಳು. ನಾನು ಅಳುತ್ತಿದ್ದೆ. ಮುಖವೆಲ್ಲ ನೀರಾದ್ದರಿಂದ ಯಾರಿಗೂ ತಿಳಿಯಲಿಲ್ಲ. ಅಷ್ಟು ಸಣ್ಣದೊಂದು ಸ್ಪಂಜಿನ ಅಂಗಿ. ನಮ್ಮೂರಲ್ಲಿ ಆಗ ಅದನ್ನು ಯಾರೂ ಕಂಡವರಿಲ್ಲ.

ಆ ರಾತ್ರಿ ನೀರಿನ ಮೇಲಿಂದ ಲೂನ್ ಹಕ್ಕಿಯ ಕೂಗು, ಸಾವಿನ ಮನೆಯ ಹೆಂಗಸರ ಗೋಳಿನಂತೆ. ನಿದ್ದೆ ಬರಲಿಲ್ಲ. ಎರಡನೆಯ ದಿನ ಅಲ್ಲೇ ಸುತ್ತಾಡಿ ಮೀನು ಹಿಡಿಯುವ ವಿಫಲ ಪ್ರಯತ್ನ ಮಾಡಿದೆವು, ಬರೆಯುವಂಥದ್ದೇನಿಲ್ಲ.

ಮೂರನೆಯ ದಿನ ಹಿಂದಿರುಗುವಾಗ ಮಧ್ಯಾಹ್ನ ಕೆನೂ ಲೇಕ್‌ಗೆ ಮತ್ತೆ ಇಳಿದೆವು. ತೆಂಕಣಿಂದ ಗಾಳಿ. ನೀರಿನ ಮೇಲೆ ಬಿಳಿ ನೊರೆ ಎದ್ದಿತ್ತು. ದಡದ ಪಕ್ಕದಲ್ಲೇ ಹೋದರೆ ಸುತ್ತು. ನಡುವೆ ನೇರವಾಗಿ ಹಾಯ್ದರೆ ಹತ್ತಿರ. ಅಳಿಯನಿಗೆ ಮರುದಿನ ಆಫೀಸು, ಮೂರು ಗಂಟೆ ಕಾರು ಓಡಿಸಬೇಕು. ನಾನೇ ಹೇಳಿದೆ, "ನೇರ ಹೋಗೋಣ, ಇನ್ನೊಂದು ಗಂಟೆ ಯಾಕೆ ಹಾಳು." ಎರಡು ದಿನದಲ್ಲಿ ಧೈರ್ಯ ಬಂದಿತ್ತು ನೋಡಿ. ಮೊಮ್ಮಗಳು "ಇಲ್ಲ ಅಜ್ಜ" ಎಂದಳು. ನಾನು ಗದರಿದೆ: "ನಿನಗೆ ಏನು ಗೊತ್ತು, ನಾನು ಹೊಳೆಯಲ್ಲಿ ಬೆಳೆದವನು." ಅವಳು ಎದುರು ಮಾತಾಡಲಿಲ್ಲ. ಹಿಂದೆ ಕೂತವರದೇ ದಿಕ್ಕು ಎಂದೆನಲ್ಲ, ದೋಣಿಯನ್ನು ಸುಮ್ಮನೆ ದಡಕ್ಕೆ ತಿರುಗಿಸಿ ಒಂದು ಬಂಡೆಯ ಮರೆಗೆ ತಂದು ನಿಲ್ಲಿಸಿದಳು. ಮಗಳೂ ಅಳಿಯನೂ ಹಿಂದೆಯೇ ಬಂದರು. ಗಾಳಿ ಇಳಿಯುವವರೆಗೆ ಕಾಯುವುದೆಂದು ತೀರ್ಮಾನವಾಯಿತು. ನನ್ನ ಓಟನ್ನು ಯಾರೂ ಕೇಳಲಿಲ್ಲ.

ಮೇಲೆ ಗುಡ್ಡದಲ್ಲಿ ಕಲ್ಲು ಪೇರಿಸಿದ ಒಂದು ಸ್ಮಾರಕವಿತ್ತು, 1930ರಲ್ಲಿ ಕಟ್ಟಿದ್ದು. ಟಾಮ್ ಥಾಮ್ಸನ್ ಎಂಬ ಚಿತ್ರಕಾರನದು. ಈ ಸರೋವರಗಳನ್ನೇ ಬರೆದು ಕೆನಡಾದಲ್ಲಿ ಮನೆಮಾತಾದವನು. ಕೆನೂ ನಡೆಸುವುದರಲ್ಲಿ ಪಳಗಿದವನು. 1917ರ ಜುಲೈ 8ರಂದು ಇದೇ ನೀರಿನ ಮೇಲೆ ಒಬ್ಬನೇ ಹೊರಟ. ಎಂಟು ದಿನಗಳ ಮೇಲೆ ದೇಹ ಸಿಕ್ಕಿತು. ಹೇಗೆ ಸತ್ತನೆಂಬ ಬಗ್ಗೆ ಇಂದಿಗೂ ವಾದ ನಡೆಯುತ್ತಿದೆ. ಮೊಮ್ಮಗಳು ಇಷ್ಟನ್ನು ಹೇಳಿ ಮುಗಿಸುವಾಗ ನನ್ನ ಬಾಯಿಂದ ತಾನಾಗಿ ಹೊರಟಿತು, "ನಮ್ಮ ಅಣ್ಣ ಎರಡು ದಿನಕ್ಕೆ ಸಿಕ್ಕಿದ."

ಅವಲಕ್ಕಿ ತಿನ್ನುತ್ತ ಎಲ್ಲವನ್ನೂ ಹೇಳಿದೆ. ಅಗೆಯ ಕಟ್ಟುಗಳನ್ನು, ಹಸಿವನ್ನು, "ಎಲ್ಲ ಒಟ್ಟಿಗೇ ಹಾಕು" ಎಂದದ್ದನ್ನು. ಮಗಳು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, "ಅದಕ್ಕೇನಾ ಅಪ್ಪ ನನ್ನ ಕಿವಿ ಸೋರಿದ್ದು?" ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇತ್ತು. ಇರಬೇಕಾದದ್ದೇ.

ಮೊಮ್ಮಗಳು ಕೇಳಿದ್ದು ಬೇರೆ. "ಅಜ್ಜ, ದೋಣಿಯ ಅಂಚು ನೀರಿಂದ ಎಷ್ಟು ಮೇಲಿತ್ತು?"

"ಮೂರು ಬೆರಳು."

"ಆರು ಇಂಚಾದರೂ ಬೇಕು. ಅರ್ಧ ಲೋಡಿನಲ್ಲಿ?"

ನೆನಪು ಮಾಡಿಕೊಂಡೆ. "ಒಂದು ಗೇಣಿಗೆ ಹತ್ತಿರ."

ಅವಳು ತಲೆಯಾಡಿಸಿದಳು. "ಹಾಗಾದರೆ ಅವರಿಗೆ ಗೊತ್ತಿತ್ತು" ಎಂದಳು.

55 ವರ್ಷಗಳಲ್ಲಿ ಊರವರು ವಿಧಿ ಎಂದಿದ್ದರು, ನಾಗದೋಷ ಎಂದಿದ್ದರು, ಹೊಳೆ ಪ್ರತಿ ವರ್ಷ ಒಂದು ಬಲಿ ಕೇಳುತ್ತದೆ ಎಂದಿದ್ದರು. ಅಂಚು ಎಷ್ಟು ಮೇಲಿತ್ತು ಎಂದು ಒಬ್ಬರೂ ಕೇಳಿರಲಿಲ್ಲ. ಅವಳ ಮಾತಿನಿಂದ ನನ್ನ ಹೊರೆ ಇಳಿಯಿತೆಂದು ತಿಳಿಯಬೇಡಿ. ಅಣ್ಣನಿಗೆ ಗೊತ್ತಿದ್ದೂ ತಮ್ಮನ ಮಾತಿಗೆ ಒಪ್ಪಿದ ಎಂಬುದು ಇನ್ನೂ ಭಾರ. ಆದರೆ ಆ ದಿನ ಏನಾಯಿತೆಂಬುದು ಮೊದಲ ಬಾರಿಗೆ ನನಗೆ ತಿಳಿಯಿತು.

ಎರಡು ಗಂಟೆಗೆ ನಿಂತವರು ಆರೂವರೆಯವರೆಗೆ ಕೂತೆವು. ಗಾಳಿ ಬಿದ್ದು ನೀರು ಕನ್ನಡಿಯಾಯಿತು. ದಡ ಹಿಡಿದೇ ಹೋದೆವು. ಅಳಿಯ ಮನೆ ಮುಟ್ಟಿಸಿದ್ದು ರಾತ್ರಿ ಹನ್ನೊಂದೂವರೆಗೆ. ಆಫೀಸಿಗೆ ಹೋದ.

ಈಗ ನಿಮ್ಮ ಅರ್ಜಿ. ನನ್ನ ವಿರೋಧವನ್ನು ಹಿಂತೆಗೆದುಕೊಂಡಿದ್ದೇನೆ, ಅಧ್ಯಕ್ಷರಿಗೆ ಪತ್ರವನ್ನೂ ಕೊಟ್ಟಿದ್ದೇನೆ. ಆದರೆ ಹಳೆಯ ಅರ್ಜಿಯನ್ನೇ ಮತ್ತೆ ಕೊಟ್ಟರೆ ಮತ್ತೆ ಮೇಜು ಕುಟ್ಟುತ್ತೇನೆ. ಅದರಲ್ಲಿ ಊಟದ ಪಟ್ಟಿ ಒಂದು ಪುಟ, ಟೀ ಶರ್ಟಿನ ಬಣ್ಣ ಅರ್ಧ ಪುಟ, ಜಾಕೆಟ್ಟಿಗೆ ಒಂದು ಸಾಲು: "ಅಲ್ಲಿ ಸಿಗಬಹುದು." ಸಿಗಬಹುದು ಎಂಬುದು ನಡೆಯುವುದಿಲ್ಲ. ಎಷ್ಟು, ಯಾವ ಅಳತೆಯವು ಎಂದು ಹೋಗುವ ಮೊದಲೇ ಬರೆದು ತರಿಸಿಕೊಳ್ಳಿ. ಕಿತ್ತುಹೋದ ಪಟ್ಟಿಯ ಜಾಕೆಟ್ಟು ಜಾಕೆಟ್ಟಲ್ಲ.

ಶರಾವತಿ ಹಿನ್ನೀರು ಅಲ್ಗಾಂಕ್ವಿನ್ ಅಲ್ಲ. ಕೆನಡಾದಲ್ಲಿ ವಸಂತದ ನೀರು ಮಂಜಿನಂತೆ ತಣ್ಣಗಿರುತ್ತದೆ. ಬಿದ್ದರೆ ಮೊದಲ 1 ನಿಮಿಷದಲ್ಲಿ ಉಸಿರು ಹಿಡಿತಕ್ಕೆ ತಂದುಕೊಳ್ಳಬೇಕು, 10 ನಿಮಿಷದವರೆಗೆ ಕೈಕಾಲು ಕೇಳುತ್ತವೆ, 1 ಗಂಟೆಗೆ ಪ್ರಜ್ಞೆ ತಪ್ಪುತ್ತದೆ ಎಂದು ಅಲ್ಲಿ ಮಕ್ಕಳಿಗೂ ಬಾಯಿಪಾಠ. ನಮ್ಮಲ್ಲಿ ಚಳಿಯ ಭಯವಿಲ್ಲ. ನಮ್ಮ ಭಯ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರುಗಳೂ ಕಾಡುಗಳೂ ಆ ನೀರಿನಡಿ ಹೋದವು. ಒಣಗಿದ ಮರದ ಬೊಡ್ಡೆಗಳು ನೀರಿನೊಳಗೆ ಇನ್ನೂ ನಿಂತಿವೆ, ನೀರಿನ ಮಟ್ಟ ಇಳಿದಂತೆ ಮೇಲ್ಮೈಗೆ ಹತ್ತಿರವಾಗುತ್ತವೆ. ಮುಂದೆ ಕೂತವರ ಕಣ್ಣು ಚುರುಕಾಗಿರಬೇಕು. ಮಳೆಗಾಲ ಮುಗಿಯದೆ ಇಳಿಯಬೇಡಿ. ಅಭಯಾರಣ್ಯದ ಅಂಚು ಹತ್ತಿರವಿರುವುದರಿಂದ ಎಲ್ಲಿ ಇಳಿಯಬಹುದು, ಎಲ್ಲಿ ಡೇರೆ ಹಾಕಬಹುದು ಎಂದು ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ, ಅನುಮತಿಯ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಕಲಿಸಿದ ಅನುಭವವುಳ್ಳ ಒಬ್ಬರು ಜೊತೆಗಿರಬೇಕು. ಯೂಟ್ಯೂಬ್ ನೋಡಿ ಕಲಿತವರಲ್ಲ. ಮೊದಲ ಸಂಜೆ ಎಲ್ಲರೂ ಎದೆಯುದ್ದ ನೀರಿನಲ್ಲಿ ಒಮ್ಮೆ ಮಗುಚಬೇಕು, ಈಜು ಬಲ್ಲವರೂ ಸಹ. ಒಲ್ಲೆ ಎಂದವರು ದಡದಲ್ಲಿ ಅಡುಗೆ ನೋಡಿಕೊಳ್ಳಲಿ.

ಗಾಳಿ ಎದ್ದರೆ ಕಾಯಲು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮೂರು ದಿನದ ಯಾತ್ರೆಗೆ ನಾಲ್ಕು ದಿನದ ರಜೆ. ಭಾನುವಾರ ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸಿ ಅದೇ ಮಧ್ಯಾಹ್ನ ನೀರಿನಲ್ಲಿರುವ ಲೆಕ್ಕ ಹಾಕಬೇಡಿ. ನಿಮ್ಮ ಹಳೆಯ ಅರ್ಜಿಯಲ್ಲಿ ಹಾಗೇ ಇತ್ತು.

ಇನ್ನೊಂದು ಮಾತು. ಪಟ್ಟಿಯಲ್ಲಿ 18 ಹೆಸರಿತ್ತು. ಸಮಿತಿಯಿಂದ ಒಬ್ಬರು ಜೊತೆಗಿರಬೇಕೆಂಬ ನಿಯಮ ನಾನೇ ಹಿಂದೆಂದೋ ಮಾಡಿಸಿದ್ದು, ಹಾಗಾಗಿ ಜಾಕೆಟ್ಟಿನ ಲೆಕ್ಕ ಬರೆಯುವಾಗ 19 ಎಂದು ಬರೆಯಿರಿ. ನನ್ನ ಎದೆಯ ಸುತ್ತಳತೆ 42 ಇಂಚು. ದೋಣಿಯಲ್ಲಿ ಮುಂದೆ ಕೂರುತ್ತೇನೆ.